ಇಂಟರ್ನೆಟ್ ಇಲ್ಲದ ಒಂದು ದಿನವನ್ನು ಬರೆಯುವುದು ಹೇಗೆ?

ಪ್ರಶ್ನೆ: 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತು ಬರೆಯುವುದನ್ನು ಕಲಿಯೋಣ ಅಂತ ಒಂದು ಆನ್‌ಲೈನ್ ತರಗತಿಗೆ ಸೇರಿದ್ದೆ. ದಿನಕ್ಕೊಂದು ವಿಷಯ ಕೊಡುತ್ತಿದ್ದರು. ನೋಟ್‌ಬುಕ್ ತುಂಬಾ ಬರೆದೆ. ಈಗ ತೆಗೆದು ಓದಿದರೆ ಒಂದರಲ್ಲೂ ಜೀವ ಇಲ್ಲ. 'ಇಂಟರ್ನೆಟ್ ಇಲ್ಲದ ಜೀವನ' ಅನ್ನುವ ಬರಹವಂತೂ ಶಾಲೆಯ ಪ್ರಬಂಧದ ಥರ ಇದೆ. ಅದನ್ನೇ ಮತ್ತೆ ಬರೆಯೋಣ ಅಂತ ಕೂತರೆ, ನೆಟ್‌ನಲ್ಲಿ ಹುಡುಕದೆ ಒಂದು ಪ್ಯಾರಾ ಕೂಡ ಮುಂದಕ್ಕೆ ಹೋಗುತ್ತಿಲ್ಲ. ನನಗೆ ಕಲ್ಪನೆಯೇ ಇಲ್ಲವೇ? ಬರವಣಿಗೆ ಕಲಿತು ಬರುವಂಥದ್ದೇ? ಮತ್ತೆ ತರಗತಿಗೆ ಸೇರಬೇಕೇ? ಆ ಬರಹದ ಮೊದಲ ಪ್ಯಾರಾ ಇದರ ಜೊತೆ ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ಪ್ಯಾರಾದ ಮೊದಲ ಎರಡು ವಾಕ್ಯ ಹೀಗಿವೆ: 'ಇಂದಿನ ಆಧುನಿಕ ಯುಗದಲ್ಲಿ ಇಂಟರ್ನೆಟ್ ಮಾನವನ ಜೀವನದ ಅವಿಭಾಜ್ಯ ಅಂಗವಾಗಿದೆ. ಇಂಟರ್ನೆಟ್ ಇಲ್ಲದ ಜೀವನವನ್ನು ಊಹಿಸಿಕೊಳ್ಳಲೂ ಸಾಧ್ಯವಿಲ್ಲ.'

ಎರಡನೇ ವಾಕ್ಯವನ್ನು ಇನ್ನೊಮ್ಮೆ ಓದಿ. ನಿಮಗೆ ಕೊಟ್ಟ ಕೆಲಸವೇ ಊಹಿಸಿಕೊಳ್ಳುವುದು. ಅದು ಸಾಧ್ಯವಿಲ್ಲ ಅಂತ ಶುರುವಿನಲ್ಲೇ ಹೇಳಿಬಿಟ್ಟರೆ ಮುಂದೆ ಬರೆಯಲು ಏನು ಉಳಿಯುತ್ತದೆ? ಅನುಕೂಲಗಳು, ಅನಾನುಕೂಲಗಳು, ಕೊನೆಗೆ 'ಹಿತಮಿತವಾಗಿ ಬಳಸಬೇಕು' ಅನ್ನುವ ಒಂದು ಮಾತು. ಇದು ಕಲ್ಪನೆಯ ಕೊರತೆ ಅಲ್ಲ. ವಾಕ್ಯಗಳು ರೆಡಿಯಾಗಿ ಬಂದು ಕೂತವು, ಅಷ್ಟೇ. ಇಂಥ ವಾಕ್ಯಗಳನ್ನು ನಾವೆಲ್ಲ ಎಷ್ಟು ಸಲ ಓದಿದ್ದೇವೆ ಅಂದರೆ, ಪೆನ್ನು ಹಿಡಿದ ತಕ್ಷಣ ಅವೇ ಮೊದಲು ಬರುತ್ತವೆ. ನಾವು ಯೋಚನೆ ಮಾಡುವ ಮೊದಲೇ ಬರುತ್ತವೆ.

ನಿಮ್ಮ ಎರಡು ತೊಂದರೆಗಳು, ಅಂದರೆ ಬರಹಕ್ಕೆ ಜೀವ ಬರದಿರುವುದು ಮತ್ತು ನೆಟ್ ಇಲ್ಲದೆ ಬರೆಯಲಾಗದಿರುವುದು, ನನಗೆ ಒಂದೇ ತೊಂದರೆಯಾಗಿ ಕಾಣುತ್ತವೆ. ಎರಡರಲ್ಲೂ ನೀವು ಬೇರೆ ಯಾರೋ ಆಗಲೇ ಹೇಳಿದ್ದನ್ನು ಹುಡುಕುತ್ತಿದ್ದೀರಿ. ಒಮ್ಮೆ ನೆನಪಿನಲ್ಲಿ, ಇನ್ನೊಮ್ಮೆ ನೆಟ್‌ನಲ್ಲಿ. ಕಲ್ಪನೆ ಅಂದರೆ ಎಲ್ಲಿಂದಲೋ ಥಟ್ಟನೆ ಹೊಳೆಯುವಂಥದ್ದು ಅಂತ ತುಂಬಾ ಜನ ತಿಳಿದಿರುತ್ತಾರೆ. ಬರೆಯುವವರಿಗೆ ಅದು ಹೆಚ್ಚುಕಡಿಮೆ ಲೆಕ್ಕ ಮಾಡುವಂಥ ಕೆಲಸ. ಒಂದು ವಸ್ತುವನ್ನು ತೆಗೆದರೆ ಮೊದಲು ಏನಾಗುತ್ತದೆ? ಅದಾದ ಮೇಲೆ? ಆಗ ಈ ಮನುಷ್ಯ ಏನು ಮಾಡುತ್ತಾನೆ? ಹೀಗೆ ಒಂದೊಂದೇ ಹೆಜ್ಜೆ ಇಡುತ್ತಾ ಹೋಗುವುದು. ಇದನ್ನು ಖಂಡಿತ ಕಲಿಯಬಹುದು.

ನಿಮ್ಮ ವಿಷಯವನ್ನೇ ಹಿಡಿದು ನೋಡೋಣ. 'ಇಂಟರ್ನೆಟ್ ಇಲ್ಲದ ಜೀವನ' ಅಂದರೆ ಯಾವುದು? ನಾಳೆ ಬೆಳಿಗ್ಗೆ ಎದ್ದಾಗ ನೆಟ್ ನಿಂತುಹೋಗಿರುವುದೇ? ನೆಟ್ ಅನ್ನುವುದು ಹುಟ್ಟೇ ಇಲ್ಲದ ಜಗತ್ತೇ? ಅಥವಾ ಎಲ್ಲರ ಹತ್ತಿರ ಇದ್ದು ನಮ್ಮ ಹತ್ತಿರ ಮಾತ್ರ ಇಲ್ಲದಿರುವುದೇ? ನಿಮ್ಮ ಪ್ಯಾರಾ ಇದನ್ನು ತೀರ್ಮಾನ ಮಾಡಿಲ್ಲ. ತೀರ್ಮಾನ ಆಗದಿದ್ದರೆ ಒಂದು ಹೆಜ್ಜೆಯೂ ಇಡಲಾಗುವುದಿಲ್ಲ, ಯಾಕೆಂದರೆ ಮೂರೂ ಬೇರೆ ಬೇರೆ ಲೋಕಗಳು.

ಮೊದಲನೆಯದರಲ್ಲಿ ಗಾಬರಿ ಇರುತ್ತದೆ. ಎಲ್ಲವೂ ನೆಟ್ ಇದೆ ಅಂತಲೇ ಕಟ್ಟಿದ ವ್ಯವಸ್ಥೆ, ಆದರೆ ನೆಟ್ ಇಲ್ಲ. ಇಂಥದ್ದು ನಿಜವಾಗಿ ಆಗಿದೆ. 2022ರ ಜನವರಿ 15ರಂದು ಪೆಸಿಫಿಕ್ ಸಾಗರದ ಟೊಂಗಾ ದೇಶದ ಹತ್ತಿರ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿಯಿತು. ಆ ದೇಶವನ್ನು ಹೊರಜಗತ್ತಿಗೆ ಜೋಡಿಸಿದ್ದ ಸಮುದ್ರದಡಿಯ ಕೇಬಲ್ ತುಂಡಾಯಿತು. ಇಡೀ ದೇಶಕ್ಕೆ ಇದ್ದದ್ದು ಅದೊಂದೇ ಕೇಬಲ್. ಮುಖ್ಯ ದ್ವೀಪಕ್ಕೆ ಅದನ್ನು ಸರಿಮಾಡಿಕೊಡಲು ಐದು ವಾರ ಬೇಕಾಯಿತು. ಮೊದಲ ದಿನಗಳಲ್ಲಿ ಹೊರದೇಶದಲ್ಲಿದ್ದ ಟೊಂಗಾದ ಜನಕ್ಕೆ ತಮ್ಮವರು ಬದುಕಿದ್ದಾರೋ ಇಲ್ಲವೋ ಅಂತ ಕೇಳುವುದಕ್ಕೂ ದಾರಿ ಇರಲಿಲ್ಲ. ಉಪಗ್ರಹ ಫೋನ್ ಇದ್ದ ಕೆಲವರ ಮೂಲಕ ಸುದ್ದಿ ಸ್ವಲ್ಪ ಸ್ವಲ್ಪವೇ ಹೊರಬಂತು. ಇದನ್ನು ಬರೆಯುವಾಗ ಯಾವ ಕಡೆ ನಿಲ್ಲುತ್ತೀರಿ ಅನ್ನುವುದೂ ಮುಖ್ಯ. ದ್ವೀಪದಲ್ಲಿರುವವರಿಗೆ ತಾವು ಬದುಕಿದ್ದೇವೆ ಅಂತ ಗೊತ್ತು, ಅವರ ಮುಂದೆ ಬೂದಿ ಗುಡಿಸುವ ಕೆಲಸ ಇದೆ. ಹೊರಗಿರುವವರಿಗೆ ಕೆಲಸವೂ ಇಲ್ಲ, ಸುದ್ದಿಯೂ ಇಲ್ಲ. ನೆಟ್ ಹೋದದ್ದು ದ್ವೀಪದಲ್ಲಿ, ಸಂಕಟ ಜಾಸ್ತಿ ಆದದ್ದು ಬಹುಶಃ ಹೊರಗೆ.

ಎರಡನೆಯದರಲ್ಲಿ ಗಾಬರಿಯೇ ಇಲ್ಲ. ನೆಟ್ ಹುಟ್ಟೇ ಇಲ್ಲದ ಜಗತ್ತಿನ ಜನ ಅದು ಇಲ್ಲ ಅಂತ ಕೊರಗುವುದಿಲ್ಲ. ಹೊಸದಾಗಿ ಬರೆಯುವವರು ಇಲ್ಲೇ ಜಾಸ್ತಿ ಎಡವುತ್ತಾರೆ. ಪಾತ್ರಗಳು ಎದ್ದ ಕೂಡಲೇ 'ಅಯ್ಯೋ, ಇಂಟರ್ನೆಟ್ ಇಲ್ಲವಲ್ಲ' ಅನ್ನುತ್ತವೆ. ಅವರಿಗೆ ಅದರ ಹೆಸರೇ ಗೊತ್ತಿರಬಾರದು! ಮುಂದೆ ಇಂಟರ್ನೆಟ್ ಆಗಿ ಬೆಳೆದ ಜಾಲದ ಮೊದಲ ಸಂದೇಶವಾಗಿ, 1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ 'ಲಾಗಿನ್' ಅನ್ನುವ ಪದ ಕಳಿಸಲು ಹೊರಟರು. ಎರಡು ಅಕ್ಷರ ಹೋಗುವಷ್ಟರಲ್ಲಿ ಆ ಕಡೆಯ ವ್ಯವಸ್ಥೆ ಕೆಟ್ಟು ನಿಂತಿತು. ಆ ರಾತ್ರಿ ಅವರು ಅದನ್ನು ಸರಿಮಾಡದೆ ಕೈಬಿಟ್ಟಿದ್ದರೆ, ಆಮೇಲೂ ಯಾರೂ ಆ ಕೆಲಸಕ್ಕೆ ಕೈ ಹಾಕದಿದ್ದರೆ, 2020 ಹೇಗಿರುತ್ತಿತ್ತು ಅನ್ನುವುದು ಈ ಲೋಕದ ಪ್ರಶ್ನೆ.

ಹಾಗಾದರೆ ನೆಟ್ ಇಲ್ಲದ ಲಾಕ್‌ಡೌನ್ ಹೇಗಿರುತ್ತಿತ್ತು? ಇದಕ್ಕೂ ಒಂದು ಆಧಾರ ಇದೆ. 1937ರಲ್ಲಿ ಶಿಕಾಗೋದಲ್ಲಿ ಪೋಲಿಯೋ ಹಬ್ಬಿ, ಶಾಲೆಗಳನ್ನು ತೆರೆಯುವುದನ್ನು ಮುಂದೂಡಿದರು. ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ರೇಡಿಯೋದಲ್ಲಿ ಪಾಠ ಶುರುವಾಯಿತು. ಒಂದೊಂದು ಪಾಠ ಕಾಲು ಗಂಟೆಯದು. ಯಾವ ತರಗತಿಗೆ ಯಾವ ಹೊತ್ತಿನಲ್ಲಿ ಯಾವ ಪಾಠ ಅನ್ನುವುದನ್ನು ಪತ್ರಿಕೆಗಳು ಅಚ್ಚು ಹಾಕುತ್ತಿದ್ದವು. ಅರ್ಥವಾಗದಿದ್ದರೆ ಫೋನ್ ಮಾಡಿ ಕೇಳಲು ಶಿಕ್ಷಕರನ್ನು ಕೂರಿಸಿದ್ದರು. ಆಗಲೂ ರೇಡಿಯೋ ಇಲ್ಲದ ಮನೆಗಳಿದ್ದವು, ಸದ್ದು ಸರಿಯಾಗಿ ಕೇಳದ ಮನೆಗಳಿದ್ದವು. ಪಾಠ ತುಂಬಾ ವೇಗ, ಹಿಂದೆ ಬೀಳುತ್ತಿದ್ದೇವೆ ಅನ್ನುವ ಮಕ್ಕಳಿದ್ದರು. 2020ರ ತಾಯಂದಿರು ಆನ್‌ಲೈನ್ ತರಗತಿ ಬಗ್ಗೆ ಹೇಳಿದ ಮಾತುಗಳೇ ಇವು, ಅಲ್ವಾ? ಹಾಗಾಗಿ ನೆಟ್ ಇಲ್ಲದ ಲಾಕ್‌ಡೌನ್ ಬರೆಯುವಾಗ 'ಪಾಠ ನಿಂತುಹೋಗುತ್ತಿತ್ತು' ಅಂತ ಬರೆದು ಮುಂದೆ ಹೋಗಬೇಡಿ. ಪಾಠ ಬೇರೆ ದಾರಿಯಲ್ಲಿ ಬರುತ್ತಿತ್ತು. ರೇಡಿಯೋ ಮುಂದೆ ಕೂತ ಮಗು ಕೈ ಎತ್ತಿದರೆ ಯಾರಿಗೂ ಕಾಣುತ್ತಿರಲಿಲ್ಲ. ಆ ಮಗುವನ್ನು ಬರೆಯಿರಿ.

ಪಾಠದಂಥ ಕೆಲಸಕ್ಕೆ ಬೇರೆ ದಾರಿ ಇತ್ತು. ಎಲ್ಲದಕ್ಕೂ ಹಾಗಿರಲಿಲ್ಲ. 2020ರ ಜನವರಿ 11ರ ಹೊತ್ತಿಗೆ ಕೊರೊನಾ ವೈರಸ್‌ನ ಇಡೀ ಜೀನೋಮ್, ಅಂದರೆ ಅದರ ಆನುವಂಶಿಕ ಮಾಹಿತಿ, ನಾಲ್ಕೇ ಅಕ್ಷರಗಳು ಮತ್ತೆ ಮತ್ತೆ ಬರುವ ಸುಮಾರು 30,000 ಅಕ್ಷರಗಳ ಸರಮಾಲೆ, ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟವಾಯಿತು. ಎರಡು ದಿನದಲ್ಲಿ, ಜನವರಿ 13ಕ್ಕೆ, ಮಾಡರ್ನಾ ಕಂಪನಿಯವರು ತಮ್ಮ ಲಸಿಕೆಯ ವಿನ್ಯಾಸವನ್ನು ತೀರ್ಮಾನ ಮಾಡಿ ಆಗಿತ್ತು. ಅದಕ್ಕೆ ಅವರಿಗೆ ವೈರಸ್ಸೇ ಬೇಕಾಗಲಿಲ್ಲ, ಅದರ ಅಕ್ಷರಗಳು ಸಾಕಾದವು. ನೆಟ್ ಇಲ್ಲದಿದ್ದರೆ? ಫ್ಯಾಕ್ಸ್‌ನಲ್ಲಿ ಕಳಿಸಬಹುದಿತ್ತೇನೋ, 30,000 ಅಕ್ಷರ, ಒಂದೂ ತಪ್ಪದ ಹಾಗೆ ಮತ್ತೆ ಟೈಪ್ ಮಾಡಬೇಕು. ಅಥವಾ ವೈರಸ್‌ನ ಮಾದರಿಯನ್ನೇ ವಿಮಾನದಲ್ಲಿ ಕಳಿಸಬೇಕು. ಈಗ ಒಂದು ಕೋಣೆಯಲ್ಲಿ ಕೂತು, ಪ್ರಿಂಟ್ ತೆಗೆದ ಹಾಳೆಗಳ ಮೇಲೆ ಸ್ಕೇಲ್ ಇಟ್ಟು, ಸಾಲು ತಪ್ಪದಂತೆ ನಾಲ್ಕೇ ನಾಲ್ಕು ಅಕ್ಷರಗಳನ್ನು ಗಂಟೆಗಟ್ಟಲೆ ಟೈಪ್ ಮಾಡುವ ಒಬ್ಬರನ್ನು ನೆನೆಸಿಕೊಳ್ಳಿ. ಹನ್ನೊಂದನೇ ಹಾಳೆಯಲ್ಲಿ ಅವರಿಗೆ ಒಂದು ಸಾಲು ಬಿಟ್ಟುಹೋಯಿತೇನೋ ಅನ್ನುವ ಅನುಮಾನ ಬರುತ್ತದೆ. ಕಥೆ ಶುರುವಾಯಿತು ನೋಡಿ. 'ಇಂಟರ್ನೆಟ್ ವೈದ್ಯಕೀಯ ಕ್ಷೇತ್ರಕ್ಕೆ ವರದಾನವಾಗಿದೆ' ಅನ್ನುವ ವಾಕ್ಯದಿಂದ ಈ ಮನುಷ್ಯ ಎಂದೂ ಹುಟ್ಟುವುದಿಲ್ಲ.

ಇನ್ನು ಮೂರನೆಯ ಲೋಕ. ಇದಕ್ಕೆ ಊಹೆಯೇ ಬೇಡ. 2020ರ ಕೊನೆಯಲ್ಲಿ ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಒಂದು ವರದಿ ಕೊಟ್ಟವು. ಜಗತ್ತಿನಲ್ಲಿ 3ರಿಂದ 17 ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿಗೆ, ಅಂದರೆ 130 ಕೋಟಿ ಮಕ್ಕಳಿಗೆ, ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ನೀವು ಆನ್‌ಲೈನ್ ತರಗತಿಯಲ್ಲಿ ಕೂತು 'ಇಂಟರ್ನೆಟ್ ಇಲ್ಲದ ಜೀವನವನ್ನು ಊಹಿಸಿಕೊಳ್ಳಲೂ ಸಾಧ್ಯವಿಲ್ಲ' ಅಂತ ಬರೆಯುತ್ತಿದ್ದ ಹೊತ್ತಿನಲ್ಲೇ ಇಷ್ಟು ಮಕ್ಕಳು ಅದೇ ಜೀವನವನ್ನು ನಡೆಸುತ್ತಿದ್ದರು. ನಿಮ್ಮನ್ನು ದೂರುವುದಕ್ಕೆ ಹೇಳುತ್ತಿಲ್ಲ. ಈ ವಿಷಯ ಕೊಡುವವರೂ ಇದನ್ನು ಮರೆತಿರುತ್ತಾರೆ. ಆದರೆ ಬರೆಯಲು ಕಲಿಯುವವರು ಒಂದು ಅಭ್ಯಾಸ ಮಾಡಿಕೊಳ್ಳಬೇಕು. 'ಯಾರಿಗೂ', 'ಎಲ್ಲರೂ', 'ಮಾನವ' ಅಂತ ಬರೆದಾಗೆಲ್ಲ ನಿಂತು, ಯಾರು ಅಂತ ಕೇಳಿಕೊಳ್ಳಬೇಕು. ನಿಮಗೆ ಗೊತ್ತಿರುವ ಯಾರೋ ಒಬ್ಬರು ಆಗ ನೆಟ್ ಇಲ್ಲದೆ ಇದ್ದಿರಲೇಬೇಕು. ಅವರ ಹತ್ತಿರ ಹೋಗಿ ಒಂದು ದಿನದ ಬಗ್ಗೆ ಕೇಳಿ. 'ಕಷ್ಟ ಆಯ್ತಾ' ಅಂತ ಕೇಳಬೇಡಿ, 'ಹೌದು' ಅಂತ ಉತ್ತರ ಬರುತ್ತದೆ. 'ಹೋಮ್‌ವರ್ಕ್ ಏನು ಅಂತ ಯಾರ ಹತ್ತಿರ ಕೇಳ್ತಿದ್ದೆ? ಅವರ ಮನೆಗೆ ಎಷ್ಟು ಹೊತ್ತಿಗೆ ಹೋಗ್ತಿದ್ದೆ? ಬಾಗಿಲಲ್ಲೇ ನಿಂತು ಬರ್ಕೋತಿದ್ಯಾ, ಒಳಗೆ ಕರೀತಿದ್ರಾ?' ಅಂತ ಕೇಳಿ.

ಲೋಕವನ್ನು ಆರಿಸಿಕೊಂಡ ಮೇಲೆ ಒಬ್ಬ ಮನುಷ್ಯ, ಒಂದು ಕೆಲಸ, ಒಂದು ಹೊತ್ತು ಸಾಕು. ಇಡೀ ಜಗತ್ತನ್ನು ಬರೆಯಬೇಡಿ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಲಾಕ್‌ಡೌನ್. ಮಗ ದೂರದ ಊರಿನಲ್ಲಿ ಒಬ್ಬನೇ ಇದ್ದಾನೆ. ತಾಯಿ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಫೋನ್ ತೆಗೆದು, ವಾಟ್ಸಾಪ್‌ನಲ್ಲಿ ಅವನ ಹೆಸರು ಒತ್ತಿ, ಕೊನೆಯ ಸಲ ಎಷ್ಟು ಹೊತ್ತಿಗೆ ಬಂದಿದ್ದ ಅಂತ ನೋಡುವುದು. ರಾತ್ರಿ 1:40. ಸರಿ, ಇದ್ದಾನೆ. ಅವಳು ಮೆಸೇಜ್ ಹಾಕುವುದಿಲ್ಲ. ಫೋನ್ ಕೆಳಗಿಟ್ಟು ಕೆಲಸಕ್ಕೆ ಹೋಗುತ್ತಾಳೆ.

ಈಗ ನೆಟ್ ತೆಗೆಯಿರಿ. ಫೋನ್ ಇರಲಿ, ಬರೀ ಮಾತಾಡುವ ಫೋನ್. ಆ ಸಮಯ ಕಾಣುವುದಿಲ್ಲ. ಅವಳಿಗೆ ಮಗನ ಕ್ಷೇಮ ಗೊತ್ತಾಗಬೇಕಾದರೆ ಕರೆ ಮಾಡಲೇಬೇಕು. ಕರೆ ಮಾಡಿದರೆ ಅವನು ಎತ್ತಬೇಕು. ಎತ್ತಿದರೆ ಏನಾದರೂ ಮಾತಾಡಬೇಕು. ಬೆಳಿಗ್ಗೆ ಆರಕ್ಕೆ ಎಬ್ಬಿಸಿದ್ದಕ್ಕೆ ಅವನಿಗೆ ಸಿಟ್ಟು ಬರಬಹುದು. ಹಾಗಾಗಿ ಅವಳು ಎಂಟರವರೆಗೆ ಕಾಯುತ್ತಾಳೆ. ಎಂಟಕ್ಕೆ ಮಾಡಿದಾಗ ಮಗ 'ಏನಮ್ಮಾ?' ಅನ್ನುತ್ತಾನೆ. 'ಏನಿಲ್ಲ, ಸುಮ್ನೆ ಮಾಡಿದೆ' ಅನ್ನುತ್ತಾಳೆ. ಆಮೇಲೆ? ಇಬ್ಬರೂ ಸುಮ್ಮನಿರುತ್ತಾರೆ. ಮೂರನೇ ದಿನವೋ ನಾಲ್ಕನೇ ದಿನವೋ ಅವನು ತಾನಾಗಿಯೇ 'ನಿನ್ನೆ ರಾತ್ರಿ ನಿದ್ದೆ ಬರಲಿಲ್ಲಮ್ಮ' ಅನ್ನಬಹುದು. ನೆಟ್ ಇದ್ದಾಗ ಅದೇ ನಿದ್ದೆಯಿಲ್ಲದ ರಾತ್ರಿ ಅವಳ ಕಣ್ಣಿಗೆ 1:40 ಅನ್ನುವ ಒಂದು ಸಂಖ್ಯೆಯಾಗಿ ಮಾತ್ರ ಕಂಡಿತ್ತು.

ಏನಾಯಿತು ನೋಡಿ. ನೆಟ್ ಒಳ್ಳೆಯದೋ ಕೆಟ್ಟದ್ದೋ ಅಂತ ನಾವು ಎಲ್ಲೂ ಹೇಳಲಿಲ್ಲ. ಹೆಜ್ಜೆ ಹೆಜ್ಜೆಯಾಗಿ ಹೋದದ್ದಕ್ಕೆ, ಶುರುವಿನಲ್ಲಿ ಗೊತ್ತಿಲ್ಲದ ಒಂದು ಜಾಗಕ್ಕೆ ಬಂದೆವು. ನೆಟ್ ಇಬ್ಬರನ್ನೂ ಹತ್ತಿರ ಇಟ್ಟಿತ್ತು, ಜೊತೆಗೆ ಮಾತಾಡದೆ ಇರುವುದಕ್ಕೂ ಅನುಕೂಲ ಮಾಡಿಕೊಟ್ಟಿತ್ತು. ಇದು ಬರೆಯುತ್ತಾ ಸಿಕ್ಕಿದ್ದು. ಮೊದಲೇ ಅಭಿಪ್ರಾಯ ಇಟ್ಟುಕೊಂಡು ಕೂತಿದ್ದರೆ ಸಿಗುತ್ತಿರಲಿಲ್ಲ. ನಿಮ್ಮ ಬರಹದಲ್ಲಿ ಇಂಥ ಒಂದು ಜಾಗ ಸಿಕ್ಕರೆ ಓದುವವರಿಗೂ ಅದು ಮುಟ್ಟುತ್ತದೆ.

ಹೆಜ್ಜೆಗಳು ಸರಿಯಾಗಿ ಬೀಳಬೇಕಾದರೆ ನೆಟ್ ಹೋದಾಗ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಅನ್ನುವುದು ಗೊತ್ತಿರಬೇಕು. ಉದಾಹರಣೆಗೆ, ನೆಟ್ ಹೋದ ತಕ್ಷಣ ಫೋನ್‌ಗೆ ತಾನೆಲ್ಲಿದ್ದೇನೆ ಅನ್ನುವುದು ಮರೆತುಹೋಗುವುದಿಲ್ಲ. ಜಿಪಿಎಸ್ ಸಂಕೇತ ಬರುವುದು ಸುಮಾರು 20,200 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಂದ ನೇರವಾಗಿ. ಫೋನ್ ಅದನ್ನು ಸುಮ್ಮನೆ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಮೊದಲೇ ಇಳಿಸಿಟ್ಟುಕೊಳ್ಳದಿದ್ದರೆ ಕಾಣೆಯಾಗುವುದು ನಕ್ಷೆ. ಆಗ ಪರದೆ ಮೇಲೆ ಏನು ಕಾಣುತ್ತದೆ? ಖಾಲಿ ಬೂದು ಬಣ್ಣ, ಅದರ ಮಧ್ಯೆ ಒಂದು ನೀಲಿ ಚುಕ್ಕೆ. ನೀವು ನಡೆದರೆ ಚುಕ್ಕೆಯೂ ನಡೆಯುತ್ತದೆ. ಸುತ್ತ ರಸ್ತೆ ಇಲ್ಲ, ಹೆಸರಿಲ್ಲ. ದಾರಿ ತಪ್ಪಿದ ಒಬ್ಬ ಮನುಷ್ಯನನ್ನು ಬರೆಯಲು ಇದಕ್ಕಿಂತ ಒಳ್ಳೆಯ ಚಿತ್ರ ಬೇಕೇ? ನೆಟ್ ಇಲ್ಲ ಅಂದರೆ ಎಲ್ಲವೂ ಕತ್ತಲು ಅಂತ ಬರೆಯುವವರಿಗೆ ಇದು ಸಿಗುವುದಿಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ನಿಂತಿದ್ದು ನಿಮಗೆ ನೆನಪಿರಬಹುದು. ರಿಪೇರಿ ಕೆಲಸದ ಹೊತ್ತಿನಲ್ಲಿ ಕೊಟ್ಟ ಒಂದು ಆದೇಶ ಆ ಕಂಪನಿಯ ಕಂಪ್ಯೂಟರ್ ಕೇಂದ್ರಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತ್ತು. ಅದನ್ನು ಸರಿಮಾಡಬೇಕಾದ ಎಂಜಿನಿಯರ್‌ಗಳು ಬಳಸುವ ಸಾಧನಗಳೂ ಅದೇ ಜಾಲದ ಮೇಲೆ ನಡೆಯುತ್ತಿದ್ದವು, ಅವೂ ನಿಂತವು. ಕೊನೆಗೆ ಜನ ಅಲ್ಲಿಗೇ ಹೋಗಿ ಯಂತ್ರಗಳ ಮುಂದೆ ನಿಲ್ಲಬೇಕಾಯಿತು. ಉಳಿದ ಇಂಟರ್ನೆಟ್ ಅವತ್ತು ಆರಾಮಾಗಿ ನಡೆಯುತ್ತಿತ್ತು. ಆದರೂ ಎಷ್ಟೋ ಜನರಿಗೆ ಅವತ್ತು 'ನೆಟ್ಟೇ ಹೋಗಿತ್ತು'. ನಿಮ್ಮ ಪಾತ್ರಕ್ಕೆ ಇಂಟರ್ನೆಟ್ ಅಂದರೆ ಏನು ಅನ್ನುವುದನ್ನೂ ಹೀಗೇ ಕೇಳಿಕೊಳ್ಳಬೇಕು. ಕೆಲವರಿಗೆ ಅದು ಒಂದೇ ಒಂದು ಆಪ್.

ಈಗ ನಿಮ್ಮ ಇನ್ನೊಂದು ತೊಂದರೆಗೆ ಬರುತ್ತೇನೆ. ಇಷ್ಟೆಲ್ಲ ಮಾಹಿತಿ ನಾನೇ ಕೊಟ್ಟು, ನೆಟ್‌ನಲ್ಲಿ ಹುಡುಕಬೇಡಿ ಅಂದರೆ ನ್ಯಾಯ ಅಲ್ಲ. ಹುಡುಕಿ. ಆದರೆ ಯಾವಾಗ ಹುಡುಕುತ್ತೀರಿ ಅನ್ನುವುದು ಮುಖ್ಯ. ನೀವು ಮೊದಲು ಹುಡುಕಿ ಆಮೇಲೆ ಬರೆಯುತ್ತಿದ್ದೀರಿ. ಆಗ ಬೇರೆಯವರ ವಾಕ್ಯಗಳು ತಲೆಯಲ್ಲಿ ಬಂದು ಕೂರುತ್ತವೆ, ನಿಮ್ಮದಕ್ಕೆ ಜಾಗ ಇರುವುದಿಲ್ಲ. ಇದನ್ನು ತಿರುಗಿಸಿ. ಮೊದಲ ಕರಡನ್ನು ಫೋನ್ ಬೇರೆ ಕೋಣೆಯಲ್ಲಿಟ್ಟು ಕೈಯಲ್ಲಿ ಬರೆಯಿರಿ. ಯಾವುದೋ ಇಸವಿ, ಹೆಸರು ಗೊತ್ತಿಲ್ಲದಿದ್ದರೆ ಒಂದು ಗೆರೆ ಎಳೆದು ಮುಂದೆ ಹೋಗಿ. 'ಕೇಬಲ್ ತುಂಡಾಗಿ ____ ದಿನ ಆಗಿತ್ತು.' ವಾಕ್ಯ ನಿಲ್ಲಬಾರದು. ಕರಡು ಮುಗಿದ ಮೇಲೆ ಗೆರೆಗಳನ್ನು ಎಣಿಸಿ. ಅಷ್ಟನ್ನು ಮಾತ್ರ ಹುಡುಕಿ. ಹೀಗೆ ಮಾಡಿದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಹುಡುಕಲೇಬೇಕಾದದ್ದು ತುಂಬಾ ಕಡಿಮೆ ಇರುತ್ತದೆ. ಮೊದಲು ನೀವು ನೆಟ್‌ಗೆ ಹೋಗುತ್ತಿದ್ದದ್ದು ಮಾಹಿತಿಗಲ್ಲ, ಮುಂದಿನ ವಾಕ್ಯಕ್ಕೆ.

ಮುಂದಿನ ವಾಕ್ಯ ಬರದೇ ಕೂತಾಗ ಏನು ಮಾಡಬೇಕು? ಆ ಪಾತ್ರದ ಕೈ ಈಗ ಎಲ್ಲಿದೆ ಅಂತ ಕೇಳಿಕೊಳ್ಳಿ. ಇದು ಸಣ್ಣ ಉಪಾಯ, ಆದರೆ ನನ್ನ ತರಗತಿಗಳಲ್ಲಿ ಇದರಷ್ಟು ಕೆಲಸಕ್ಕೆ ಬಂದದ್ದು ಬೇರೆ ಇಲ್ಲ. ಕೈ ಎಲ್ಲಿದೆ ಅಂತ ಕೇಳಿದರೆ ಒಂದು ವಸ್ತು ಸಿಗುತ್ತದೆ, ವಸ್ತು ಸಿಕ್ಕರೆ ಮುಂದಿನ ಕೆಲಸ ಸಿಗುತ್ತದೆ. ಮೇಲಿನ ತಾಯಿಯ ಕೈ ಫೋನಿನ ಮೇಲಿತ್ತು. ಅವಳ ಮನಸ್ಸಿನಲ್ಲಿ ಏನಿತ್ತು ಅಂತ ನಾವು ಬರೆಯಲೇ ಇಲ್ಲ, ಆದರೂ ಗೊತ್ತಾಯಿತು.

ವಾಕ್ಯ ಕಟ್ಟುವುದನ್ನೇ ಅಭ್ಯಾಸ ಮಾಡಬೇಕು ಅಂದರೆ ಒಂದು ಹಳೆಯ ದಾರಿ ಇದೆ. ಗುರು ಬೇಡ, ನೆಟ್ ಬೇಡ. ಹದಿನೆಂಟನೇ ಶತಮಾನದಲ್ಲಿ ಅಮೆರಿಕದ ಬರಹಗಾರ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ತನ್ನ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ. ಬರೆಯುವುದನ್ನು ಅವನು ತಾನೇ ಕಲಿತ. ಇಷ್ಟವಾದ ಒಂದು ಲೇಖನ ಆರಿಸಿಕೊಂಡು, ಪ್ರತಿ ವಾಕ್ಯದಲ್ಲಿ ಏನಿದೆ ಅಂತ ಎರಡು ಮೂರು ಪದಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಕೆಲವು ದಿನ ಬಿಟ್ಟು, ಮೂಲ ನೋಡದೆ, ಆ ಗುರುತುಗಳಿಂದ ಇಡೀ ಲೇಖನವನ್ನು ತನ್ನ ಮಾತಿನಲ್ಲಿ ಮತ್ತೆ ಬರೆಯುತ್ತಿದ್ದ. ಆಮೇಲೆ ಮೂಲದ ಪಕ್ಕದಲ್ಲಿಟ್ಟು ಹೋಲಿಸಿ ತಪ್ಪು ತಿದ್ದುತ್ತಿದ್ದ. ಕೆಲವು ಸಲ ಗುರುತಿನ ಚೀಟಿಗಳನ್ನು ಬೇಕಂತಲೇ ಕಲಸಿಬಿಟ್ಟು, ಕೆಲವು ವಾರ ಆದ ಮೇಲೆ ಸರಿಯಾದ ಕ್ರಮಕ್ಕೆ ಜೋಡಿಸಲು ನೋಡುತ್ತಿದ್ದ. ಯಾವ ಮಾತಿನ ನಂತರ ಯಾವ ಮಾತು ಬರಬೇಕು ಅನ್ನುವುದನ್ನು ಕಲಿಯಲು ಅದು ಅವನ ದಾರಿ.

ನೀವೂ ಇದನ್ನು ಮಾಡಬಹುದು. ನಿಮಗೆ ಇಷ್ಟವಾದ ಒಂದೇ ಒಂದು ಪುಟ ತಗೊಳ್ಳಿ, ಜಾಸ್ತಿ ಬೇಡ. ಮಧ್ಯೆ ದಿನ ಬಿಡುವುದನ್ನು ಮಾತ್ರ ತಪ್ಪಿಸಬೇಡಿ. ಅವತ್ತೇ ಬರೆದರೆ ಮೂಲದ ವಾಕ್ಯ ನೆನಪಿರುತ್ತದೆ, ಅದನ್ನೇ ಬರೆದುಬಿಡುತ್ತೀರಿ. ಮರೆತಾಗ ಮಾತ್ರ ನಿಮ್ಮ ವಾಕ್ಯ ಹುಟ್ಟುತ್ತದೆ. ಹೋಲಿಸುವಾಗ ಮೂಲದವರು ಎಲ್ಲಿ ವಾಕ್ಯ ನಿಲ್ಲಿಸಿದ್ದಾರೆ, ನೀವು ಎಲ್ಲಿ 'ಮತ್ತು' ಹಾಕಿ ಎಳೆದಿದ್ದೀರಿ ಅಂತ ನೋಡಿ. ಕೆಲವು ಕಡೆ ನಿಮ್ಮದೇ ಚೆನ್ನಾಗಿರುತ್ತದೆ. ಅದನ್ನೂ ಗುರುತು ಹಾಕಿಕೊಳ್ಳಿ, ಅದಕ್ಕೆ ಸಂಕೋಚ ಬೇಡ.

ಬರೆದದ್ದನ್ನು ಜೋರಾಗಿ ಓದಿಕೊಳ್ಳುವುದನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಉಸಿರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ವಾಕ್ಯ ಒಡೆಯಿರಿ.

ನಿಮ್ಮ ಹಳೆಯ ನೋಟ್‌ಬುಕ್ ಬಗ್ಗೆಯೂ ಒಂದು ಮಾತು. ಅದನ್ನು ಎಸೆಯಬೇಡಿ. 'ಒಂದರಲ್ಲೂ ಜೀವ ಇಲ್ಲ' ಅಂದಿದ್ದೀರಿ, ಆದರೆ ನೀವು ನೋಡಿದ್ದು ಬರಹಗಳನ್ನು. ಅಂಚುಗಳನ್ನು ನೋಡಿ. ಅಲ್ಲಿ ತಾರೀಖು ಇರಬಹುದು. ತರಗತಿ ಶುರುವಾಗುವ ಹೊತ್ತು, ಯಾರದೋ ಫೋನ್ ನಂಬರ್, ತರಬೇಕಾದ ಸಾಮಾನಿನ ಪಟ್ಟಿ, ಅರ್ಧಕ್ಕೆ ನಿಂತ ವಾಕ್ಯ ಇರಬಹುದು. 'ನೆಟ್ ಹೋಯಿತು' ಅಂತ ಎಲ್ಲೋ ಬರೆದಿದ್ದರೆ ಅದಕ್ಕಂತೂ ಚಿನ್ನದ ಬೆಲೆ. ಅದು ನಿಜವಾಗಿ ನೆಟ್ ಇಲ್ಲದ ಹೊತ್ತು. ಆ ಸಂಜೆ ನೀವು ಏನು ಮಾಡಿದಿರಿ? ಬ್ರಿಟನ್ನಿನಲ್ಲಿ ಮಾಸ್ ಅಬ್ಸರ್ವೇಷನ್ ಅನ್ನುವ ಯೋಜನೆ 1937ರಲ್ಲಿ ಶುರುವಾಯಿತು. ಸಾಮಾನ್ಯ ಜನ ತಮ್ಮ ಸಾಮಾನ್ಯ ದಿನವನ್ನು ಬರೆದು ಕಳಿಸಬೇಕು, ಅಷ್ಟೇ. ಈಗಲೂ ವರ್ಷಕ್ಕೊಮ್ಮೆ, ಮೇ 12ರ ದಿನಚರಿ ಬರೆದು ಕಳಿಸಿ ಅಂತ ಕೇಳುತ್ತಾರೆ. 2020ರ ಮೇ 12ರಂದೂ ಕೇಳಿದ್ದರು. ಎಷ್ಟು ಹೊತ್ತಿಗೆ ಎದ್ದಿರಿ, ಯಾರ ಜೊತೆ ಮಾತಾಡಿದಿರಿ ಅನ್ನುವಂಥ ವಿವರಗಳೇ ಮುಂದೆ ಇತಿಹಾಸ ಬರೆಯುವವರಿಗೆ ಬೇಕಾಗುತ್ತವೆ. 'ಕೊರೊನಾ ಮಹಾಮಾರಿ ಜಗತ್ತನ್ನೇ ತಲ್ಲಣಗೊಳಿಸಿತು' ಅನ್ನುವುದು ಅವರಿಗೆ ಆಗಲೇ ಗೊತ್ತಿರುತ್ತದೆ. ನಿಮ್ಮ ನೋಟ್‌ಬುಕ್ಕಿನ ಅಂಚಿನಲ್ಲಿರುವುದು ನಿಮಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಅದೇ ವಿಷಯವನ್ನು ಮತ್ತೆ ಬರೆಯುವುದಾದರೆ ಅಂಚಿನಿಂದ ಒಂದು ಸಾಲು ಆರಿಸಿಕೊಳ್ಳಿ. ಆ ದಿನದ ಒಂದು ಗಂಟೆಯನ್ನು ಮಾತ್ರ ಬರೆಯಿರಿ, ಒಂದು ಪುಟ ಸಾಕು. ಮೊದಲು ಆದದ್ದನ್ನು ಆದ ಹಾಗೆ ಬರೆಯಿರಿ. ಆಮೇಲೆ ಅದೇ ಗಂಟೆಯನ್ನು ನೆಟ್ ತೆಗೆದು ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಮೊದಲನೆಯದರಲ್ಲಿ ಇದ್ದ ಯಾರು ಎರಡನೆಯದರಲ್ಲಿ ಕಾಣೆಯಾದರು, ಹೊಸದಾಗಿ ಯಾರು ಬಂದರು ಅಂತ ನೋಡಿ. ಆನ್‌ಲೈನ್ ತರಗತಿಯ ನಿಮ್ಮ ಜೊತೆಗಾರರು ಮಾಯವಾಗುತ್ತಾರೆ, ಅದು ಗ್ಯಾರಂಟಿ. ಆ ಜಾಗಕ್ಕೆ ಪಕ್ಕದ ಕೋಣೆಯಲ್ಲಿದ್ದವರು ಬರಬಹುದು. ಯಾರೂ ಬರದೆಯೂ ಇರಬಹುದು. ಅದೂ ನಿಜವೇ, ಅದನ್ನೂ ಬರೆಯಿರಿ. ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು, ಎಲ್ಲರೂ ಕೂತು ಮಾತಾಡುತ್ತಿದ್ದರು ಅಂತ ಮುಗಿಸಲು ಮನಸ್ಸಾಗುತ್ತದೆ. ನಿಮ್ಮ ಹೆಜ್ಜೆಗಳು ನಿಜವಾಗಿ ಅಲ್ಲಿಗೆ ಕರೆದುಕೊಂಡು ಹೋಗದಿದ್ದರೆ ಹಾಗೆ ಮುಗಿಸಬೇಡಿ. ಮನೆಯೊಳಗೇ ಸಿಕ್ಕಿಹಾಕಿಕೊಂಡ ಎಷ್ಟೋ ಜನರಿಗೆ ಹೊರಗಿನ ಒಂದು ಪ್ರೀತಿಯ ದನಿ ಕೇಳಿಸಿದ್ದು ನೆಟ್‌ನಿಂದಲೇ. ಅವರ ಎರಡನೇ ಪುಟ ತುಂಬಾ ಕಷ್ಟದ್ದಾಗಿರುತ್ತದೆ.

ಮತ್ತೆ ತರಗತಿಗೆ ಸೇರಬೇಕೇ ಅಂತ ಕೇಳಿದ್ದೀರಿ. ಈಗಲೇ ಬೇಡ. ದಿನಕ್ಕೊಂದು ಹೊಸ ವಿಷಯ ಕೊಡುವ ತರಗತಿಯಂತೂ ಬೇಡವೇ ಬೇಡ. ಅದರಲ್ಲಿ ಕೈಗೆ ಅಭ್ಯಾಸ ಆಗುತ್ತದೆ ನಿಜ, ಆದರೆ ತಿದ್ದಲು ಬಿಡುವು ಸಿಗುವುದಿಲ್ಲ. ಕಲಿಯುವುದು ತಿದ್ದುವಾಗಲೇ ಜಾಸ್ತಿ. ನೀವು ನೋಟ್‌ಬುಕ್ ತುಂಬಾ ಬರೆದರೂ ಅದೇ ವಾಕ್ಯಗಳು ಮತ್ತೆ ಮತ್ತೆ ಬಂದದ್ದು ಇದೇ ಕಾರಣಕ್ಕೆ. ಮೊದಲು ಈ ಒಂದು ಬರಹವನ್ನು ಮೂರು ಸಲ ತಿದ್ದಿ, ಮಧ್ಯೆ ಒಂದೊಂದು ವಾರ ಬಿಡಿ. ಆಮೇಲೆ ನಿಮ್ಮ ಮೇಲೆ ಪ್ರೀತಿ ಇರುವ, ಆದರೆ ಸುಳ್ಳು ಹೇಳದ ಒಬ್ಬರಿಗೆ ಕೊಡಿ. 'ಹೇಗಿದೆ?' ಅಂತ ಕೇಳಬೇಡಿ. ಓದುತ್ತಾ ಎಲ್ಲಿ ಬೇಜಾರಾಯಿತು, ಮುಗಿಸಿದ ಮೇಲೆ ಯಾವುದು ನೆನಪಿನಲ್ಲಿ ಉಳಿಯಿತು, ಈ ಎರಡನ್ನೇ ಕೇಳಿ. ಅವರು ಹೇಳಿದ್ದನ್ನು ವಾದ ಮಾಡದೆ ಬರೆದುಕೊಳ್ಳಿ. ಇಷ್ಟಾದ ಮೇಲೂ ತರಗತಿ ಬೇಕು ಅನ್ನಿಸಿದರೆ, ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ಒಂದೇ ಬರಹವನ್ನು ಎಷ್ಟು ಸಲ ತಿದ್ದಿಸುತ್ತೀರಿ? ಎರಡಕ್ಕಿಂತ ಜಾಸ್ತಿ ಅಂದರೆ ಧೈರ್ಯವಾಗಿ ಸೇರಿ. ನಿಮ್ಮ ಎರಡು ಪುಟಗಳು ಸಿದ್ಧವಾದಾಗ ನನಗೂ ಕಳಿಸಿ, ಖಂಡಿತ ಓದುತ್ತೇನೆ.